ಭಿನ್ನರಾಶಿ ಕಂಡ ಕೂಡಲೇ ‘ಬರಂಗಿಲ್ರಿ’ ಅನ್ನೋ ಮಕ್ಕಳು: ಬಂಡೂರ ಹೇಳಿದ್ದನ್ನ ತರಗತಿಯಲ್ಲಿ ಮಾಡೋದು ಹ್ಯಾಂಗ?

ಇಂಡಿ_ಗಣಿತ:
ಇಂಡಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಆರನೇ ತರಗತಿ. ಛೇದ ಬೇರೆ ಬೇರೆ ಇರುವ ಭಿನ್ನರಾಶಿ ಕೂಡಿಸುವ ಲೆಕ್ಕ. ಅರ್ಧದಷ್ಟು ಮಕ್ಕಳು ಪೆನ್ಸಿಲ್ ಹಿಡಿಯುವ ಮೊದಲೇ ‘ಬರಂಗಿಲ್ರಿ ಸರ್’ ಅಂತಾರೆ. ಶಾಣ್ಯಾ ಹುಡುಗಿಯಿಂದ ಬೋರ್ಡ್ ಮೇಲೆ ಮಾಡಿಸಿದರೆ ಉಳಿದವರು ಇಳಿಸಿಕೊಳ್ಳುತ್ತಾರೆ, ಮುಂದಿನ ಲೆಕ್ಕಕ್ಕೆ ಮತ್ತೆ ಅದೇ ರಾಗ. ‘ನಿಮಗ ಬರ್ತದ, ಮಾಡ್ರಿ’ ಅಂದರೂ ಅಷ್ಟೇ. ಮಕ್ಕಳು ಮಾದರಿ ನೋಡಿ ಕಲಿಯುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಹೇಳಿದ್ದನ್ನು ಬಿ.ಇಡಿ.ಯಲ್ಲಿ ಓದಿದ್ದು ಇಲ್ಲಿ ಎಲ್ಲಿ ತಪ್ಪುತ್ತಿದೆ? ಇನ್ನೊಂದು, ಸ್ವಸಾಮರ್ಥ್ಯದ ನಂಬಿಕೆಯನ್ನು, ಅಂದರೆ ‘ಈ ಕೆಲಸ ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯನ್ನು, ಅಳೆಯುವುದು ಹೇಗೆ?

ಡೋಣಿ_ದಂಡೆ:
ಮಾದರಿಯ ಆಯ್ಕೆಯಲ್ಲೇ ತಪ್ಪುತ್ತಿದೆ ಸರ್. ತನ್ನಂಥವನೇ ಮಾಡಿದ್ದನ್ನು ಕಂಡರೆ ಮಗು ‘ಅವಗ ಬಂದ್ರ ನನಗೂ ಬಂದೀತು’ ಅಂದುಕೊಳ್ಳುತ್ತದೆ. ಶಾಣ್ಯಾ ಹುಡುಗಿಯನ್ನು ಕಂಡರೆ ‘ಆಕಿ ಬ್ಯಾರೆ ಬಿಡು’ ಅನ್ನುತ್ತದೆ. ಸಂಶೋಧಕರಾದ ಡೇಲ್ ಶಂಕ್ ಮತ್ತು ಹ್ಯಾನ್ಸನ್ 1985ರಲ್ಲಿ ದಶಕ ತೆಗೆದುಕೊಂಡು ಕಳೆಯುವ ಲೆಕ್ಕದಲ್ಲಿ ಇದನ್ನು ಪರೀಕ್ಷಿಸಿದರು. ಶಿಕ್ಷಕರ ವಿಡಿಯೊ ನೋಡಿದ ಮಕ್ಕಳಿಗಿಂತ ಓರಗೆಯ ಮಗು ಕಲಿಯುವ ವಿಡಿಯೊ ನೋಡಿದವರಲ್ಲಿ ನಂಬಿಕೆಯೂ ಹೆಚ್ಚಿತು, ಲೆಕ್ಕವೂ ಸುಧಾರಿಸಿತು. 1987ರಲ್ಲಿ ಭಿನ್ನರಾಶಿ ಹಿಡಿದು ಮಾಡಿದ ಅಧ್ಯಯನದಲ್ಲಿ, ತಡವರಿಸಿ ತಿದ್ದಿಕೊಳ್ಳುವ ಮಾದರಿ ಸರಾಗವಾಗಿ ಮಾಡುವ ಮಾದರಿಗಿಂತ ಹೆಚ್ಚು ನೆರವಾಯಿತು. ಆದರೆ ಒಬ್ಬರ ಬದಲು ಹಲವರನ್ನು ತೋರಿಸಿದಾಗ ಸರಾಗವಾಗಿ ಮಾಡುವವರೂ ಅಷ್ಟೇ ಕೆಲಸಕ್ಕೆ ಬಂದರು. ಅಂದರೆ ತಡವರಿಸಿ ಕಲಿತ ಒಬ್ಬರು ಸಿಗದಿದ್ದರೆ ಮೂವರನ್ನು ಒಬ್ಬರಾದ ಮೇಲೆ ಒಬ್ಬರಂತೆ ನಿಲ್ಲಿಸಿ.

ಹೋದ ವಾರವಷ್ಟೇ ಕಲಿತ ಹುಡುಗನನ್ನು ಆರಿಸಿ. 2/5 + 1/4 ಕೊಡಿ, ಎಕರೆ ಲೆಕ್ಕದಲ್ಲಿ. ನಮ್ಮ ಕಡೆ ಮಕ್ಕಳಿಗೆ ಎಕರೆಗೆ 40 ಗುಂಟೆ ಅಂತ ಬಾಯಲ್ಲೇ ಇರುತ್ತದೆ. ಅವನು ಮನಸ್ಸಿನೊಳಗಿನ ಮಾತನ್ನು ಗಟ್ಟಿಯಾಗಿ ಹೇಳುತ್ತ ಬರೆಯಬೇಕು:

‘ಮ್ಯಾಲಿಂದು ಕೂಡಿಸಿದ್ರ 3, ಕೆಳಗಿಂದು 9. ಮೂರೊಂಬತ್ತಾಂಶ. ತಡಿ, 2/5 ಎಕರೆ ಅಂದ್ರ 16 ಗುಂಟೆ. 3/9 ಅಂದ್ರ ಮೂರರಾಗ ಒಂದು ಪಾಲು, 13 ಚಿಲ್ರಿ ಗುಂಟೆ. ಕೂಡಿಸಿದ ಮ್ಯಾಲ ಹೊಲ ಕಮ್ಮಿ ಹ್ಯಾಂಗಾತು? ಛೇದ ಒಂದ ಮಾಡ್ಬೇಕು. 20. 8/20 ಮತ್ತ 5/20, 13/20. ಗುಂಟೆದಾಗ 16 ಮತ್ತ 10, 26. ಸರಿ ಅದ.’

ಬರೇ ಬರೆದು ಕೂತರೆ ನೋಡುವವರಿಗೆ ಕಾಣುವುದು ಸೀಮೆಸುಣ್ಣ ಮಾತ್ರ. ನೋಡಿ ಕಲಿಯುವುದಕ್ಕೆ ಬಂಡೂರ ಹೇಳುವ ನಾಲ್ಕು ಹಂತ ಅವಧಾನ (ಗಮನ ಕೊಡುವುದು), ಧಾರಣೆ (ನೆನಪಿಡುವುದು), ಪುನರುತ್ಪಾದನೆ (ತಾನೇ ಮಾಡುವುದು), ಅಭಿಪ್ರೇರಣೆ (ಮಾಡುವ ಮನಸ್ಸು). ಇಳಿಸಿಕೊಳ್ಳುವ ಮಕ್ಕಳು ಎರಡನೆಯದನ್ನೇ ದಾಟಿರುವುದಿಲ್ಲ. ಅದಕ್ಕೆ, ಅವನು ಮುಗಿಸುವ ತನಕ ನೋಟ್‌ಬುಕ್ ಮುಚ್ಚಿಸಿ. ಮುಗಿದ ಮೇಲೆ ಬೋರ್ಡ್ ಒರೆಸಿ, ಹಂತಗಳನ್ನು ಜೋಡಿಯಲ್ಲಿ ಒಬ್ಬರಿಗೊಬ್ಬರು ಹೇಳಲಿ, ಕೂಡಲೇ ಅದೇ ನಮೂನೆಯ ಎರಡು ಲೆಕ್ಕ ಮಾಡಿಸಿ.

ಕೆಡುವುದು ಎರಡು ಕಡೆ. ಒಂದು, ತಡವರಿಸಿದವನನ್ನು ನಡುವೆಯೇ ಕೂಡ್ರಿಸಿ ಇನ್ನೊಬ್ಬರಿಗೆ ಸೀಮೆಸುಣ್ಣ ಕೊಡುವುದು. ಆಗ ನೋಡುವವರು ಕಲಿಯುವುದು ‘ನಮ್ಮಂಥವರಿಗೆ ಬರಂಗಿಲ್ಲ’ ಅನ್ನುವುದನ್ನೇ. ಎರಡು, ಛೇದ. 3, 7, 9 ಕೊಟ್ಟರೆ ಗುಂಟೆ ಸರಿಯಾಗಿ ಭಾಗ ಹೋಗುವುದಿಲ್ಲ. ಮೊದಲಿಗೆ 2, 4, 5, 8, 10ರಲ್ಲೇ ಇರಿ.

ಕರಿ_ಹಲಗೆ:
ಮೇಲಿನದು ಸರಿ, ಆದರೆ ನೋಡಿ ಬಂದ ನಂಬಿಕೆ ಸ್ವತಃ ಮಾಡಿ ಸೋತರೆ ಒಂದೇ ಏಟಿಗೆ ಬೀಳುತ್ತದೆ. ಈ ನಂಬಿಕೆಗೆ ಬಂಡೂರ 1977ರಲ್ಲಿ ಹೇಳಿದ ನಾಲ್ಕು ಮೂಲಗಳಲ್ಲಿ ತಾನೇ ಮಾಡಿ ಗೆದ್ದದ್ದಕ್ಕೆ ತೂಕ ಹೆಚ್ಚು. ಆಮೇಲೆ ಇತರರನ್ನು ನೋಡುವುದು, ಮಾತಿನ ಹುರುಪು, ಮೈಮನಸ್ಸಿನ ಸ್ಥಿತಿ. ನಿಮ್ಮ ‘ಬರ್ತದ, ಮಾಡ್ರಿ’ ಮೂರನೆಯದು. ಕೆಲಸ ಮಾಡಿದ ಮೇಲೆ, ಆ ಕೆಲಸವನ್ನೇ ಹೆಸರಿಸಿ ಹೇಳಿದರೆ ಮಾತಿಗೆ ಬಲ. ‘ಶಾಣ್ಯಾ ಇದ್ದಿ’ ಬೇಡ, ‘ಛೇದ ಸಮ ಮಾಡಿ ಆಮೇಲೆ ಕೂಡಿಸಿದಿ’ ಅನ್ನಿ. ಹೆಸರು ಕೂಗಿ ಬೋರ್ಡ್‌ಗೆ ಕರೆದಾಗ ಎದೆ ಹೊಡೆದುಕೊಂಡರೆ ಮಗು ಅದನ್ನೂ ‘ಬರುವುದಿಲ್ಲ’ ಅಂತಲೇ ಓದಿಕೊಳ್ಳುತ್ತದೆ. ಮೊದಲು ಪಾಟಿ ಮೇಲೆ, ಕೂತಲ್ಲೇ ಮಾಡಲಿ.

ಗುರಿ ಸಣ್ಣದಿರಲಿ. ಬಂಡೂರ ಮತ್ತು ಶಂಕ್ 1981ರಲ್ಲಿ ಕಳೆಯುವ ಲೆಕ್ಕದ 42 ಪುಟಗಳನ್ನು 7 ಅವಧಿಗೆ ಹಂಚಿದ್ದರು. ‘ಅವಧಿಗೆ 6 ಪುಟ’ ಎಂಬ ಹತ್ತಿರದ ಗುರಿ ಇದ್ದವರು, ‘ಕೊನೆಗೆ 42’ ಎಂದು ಹೇಳಿಸಿಕೊಂಡವರಿಗಿಂತಲೂ ಗುರಿಯೇ ಇಲ್ಲದವರಿಗಿಂತಲೂ ಮುಂದಿದ್ದರು. ನಿಮ್ಮ ತರಗತಿಗೆ: ಮೊದಲು 1/5 + 2/5, ಆಮೇಲೆ 1/2 + 1/4, ಕೊನೆಗೆ 2/5 + 1/4 ನಮೂನೆ. ಒಂದೊಂದಕ್ಕೂ ಆರು ಲೆಕ್ಕ, ಸತತ ನಾಲ್ಕು ಸರಿಯಾದರೆ ಮುಂದಿನ ಮೆಟ್ಟಿಲು. ನೀವೇ ಕೈಹಿಡಿದು ಬರೆಸಿದ ಲೆಕ್ಕ ಎಣಿಕೆಗೆ ಇಲ್ಲ. ಅದನ್ನು ಮಗು ನಿಮ್ಮ ಖಾತೆಗೆ ಹಾಕುತ್ತದೆ.

ಬಾಗಲಕೋಟೆ_ಅಕ್ಕೋರು:
ಅಳತೆಯ ಬಗ್ಗೆ. ‘ಗಣಿತ ಬರ್ತದೇನು?’ ಅಂತ ಕೇಳಬ್ಯಾಡ್ರಿ, ಉತ್ತರ ಉಪಯೋಗಕ್ಕೆ ಬರಂಗಿಲ್ಲ. ಒಂದು ಲೆಕ್ಕವನ್ನು ಬಿಡಿಸಲಾಗದಷ್ಟು ಕಡಿಮೆ ಹೊತ್ತು, ಎರಡೇ ಸೆಕೆಂಡು ತೋರಿಸಿ ಮುಚ್ಚಿ, ‘ಇಂಥಾದ್ದು ಬಿಡಿಸಬಲ್ಲೆ ಅಂತ ಎಷ್ಟು ಖಾತ್ರಿ?’ ಅಂತ ಕೇಳ್ರಿ. ದೊಡ್ಡವರಿಗೆ 0ರಿಂದ 100, ಹತ್ತತ್ತರ ಮೆಟ್ಟಿಲು. ಈ ಮಕ್ಕಳಿಗೆ 0ರಿಂದ 10 ಸಾಕು. ಕೈ ಎತ್ತಿಸಿದರೆ ಪಕ್ಕದವನನ್ನು ನೋಡಿ ಎತ್ತುತ್ತಾರೆ, ಚೀಟಿಯಲ್ಲೇ ಬರೆಸಬೇಕು. ಆಮೇಲೆ ಅದೇ ನಮೂನೆಯ ಲೆಕ್ಕ ಕೊಟ್ಟು ತಾಳೆ ನೋಡ್ರಿ. 2 ಬರೆದು ಸರಿ ಮಾಡಿದವರಿಗೆ ಅವರವೇ ಸರಿ ಲೆಕ್ಕ ತೋರಿಸೋದು, 10 ಬರೆದು ತಪ್ಪಿದವರಿಗೆ ಗುಂಟೆಯಿಂದ ತಾಳೆ ನೋಡೋದು ಕಲಿಸೋದು. ಇಬ್ಬರಿಗೂ ಒಂದೇ ಔಷಧ ನಡಿಯಂಗಿಲ್ಲ.

ಇಂಡಿ_ಗಣಿತ:
ಉಪಕಾರವಾಯಿತು. ಅಪ್ಪ ಅವ್ವನ ಕಬ್ಬು ಕಡಿಯುವ ಗ್ಯಾಂಗ್ ಜೊತೆ ಹೋಗಿ ಬಂದ ಮಕ್ಕಳಿಗೂ ಇದೇ ಕ್ರಮವೇ? ನಾಲ್ಕಾರು ತಿಂಗಳ ಪಾಠ ತಪ್ಪಿರುತ್ತದೆ.

ಕರಿ_ಹಲಗೆ:
ಕ್ರಮ ಅದೇ, ಶುರು ಬೇರೆ. ತರಗತಿಯ ಪಾಠದಿಂದಲ್ಲ, ಅವರು ಕೊನೆಯ ಬಾರಿ ಸರಿ ಮಾಡಿದ ಲೆಕ್ಕದಿಂದ ಶುರು ಮಾಡಿ. ಭಾಗಾಕಾರವೇ ಆಗಿದ್ದರೂ ಪರವಾಗಿಲ್ಲ. ಮಾದರಿಗೆ, ಹಾಗೇ ಹೋಗಿ ಬಂದು ಈಗ ಸಮನಾದ ಏಳನೇ ತರಗತಿಯ ಒಬ್ಬರನ್ನು ವಾರಕ್ಕೆರಡು ಸಲ ಹದಿನೈದು ನಿಮಿಷ ಕರೆಸಿ. ಮೊದಲ ವಾರ ಅಳತೆಯ ಚೀಟಿ ಕೊಡಬೇಡಿ, ಎಲ್ಲರೂ ಸೊನ್ನೆಯನ್ನೇ ಬರೆಯುತ್ತಾರೆ.