ಕೆನ್ನೆಯ ಆಳವಾದ ಮೊಡವೆ ಗುಳಿಗಳು: ಸಬ್‌ಸಿಷನ್‌ಗೆ ಸೂಜಿಯೋ, ಕ್ಯಾನುಲಾವೋ?

ಪ್ರಶ್ನೆ

ಎರಡೂ ಕೆನ್ನೆಗಳಲ್ಲಿ ಅಲೆಯಂತೆ ಅಗಲವಾಗಿ ಕುಸಿದ ಗುಳಿಗಳಿವೆ. ನಡುನಡುವೆ ಸೂಜಿ ಚುಚ್ಚಿದಂತೆ ಕಾಣುವ ಆರೇಳು ಕಿರಿದಾದ ತೂತುಗಳೂ ಇವೆ. 1.5 ಮಿ.ಮೀ. ಆಳದ ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮವನ್ನು ಚುಚ್ಚುವ ಚಿಕಿತ್ಸೆ) ನಾಲ್ಕು ಸಲ ಆಗಿದೆ. ಚರ್ಮ ನಯವಾಯಿತು, ಆದರೆ ಗುಳಿ ಮೇಲೇಳಲಿಲ್ಲ. ಮೈಬಣ್ಣ ಕಂದು, ಸಣ್ಣ ಗಾಯವಾದರೂ ಕಪ್ಪು ಗುರುತು ಉಳಿಯುತ್ತದೆ. ಮೊಡವೆಗೆ ನುಂಗುತ್ತಿದ್ದ ಐಸೊಟ್ರೆಟಿನಾಯಿನ್ ಔಷಧ ನಿಲ್ಲಿಸಿ ಎರಡು ತಿಂಗಳಾಗಿದೆ. ಸಬ್‌ಸಿಷನ್‌ನಿಂದ (ಗುಳಿಯನ್ನು ಒಳಗೆಳೆಯುವ ಎಳೆಗಳನ್ನು ಚರ್ಮದಡಿ ಕಡಿಯುವ ಚಿಕಿತ್ಸೆ) ಈ ಗುಳಿ ಏಳುತ್ತದೆಯೇ? ಚೂಪು ಸೂಜಿ ಒಳ್ಳೆಯದೋ, ಮೊಂಡು ತುದಿಯ ಕೊಳವೆಯಾದ ಕ್ಯಾನುಲಾ ಒಳ್ಳೆಯದೋ? ತೂತುಗಳಿಗೆ ಬೇರೆ ಚಿಕಿತ್ಸೆ ಬೇಕೇ?

ಉತ್ತರ 1

ಮೈಕ್ರೋನೀಡ್ಲಿಂಗ್ ಸೋತಿತು ಅನ್ನುವುದಕ್ಕಿಂತ, ಅದರ ಕೈಗೆ ಸಿಗದ ಕೆಲಸವನ್ನು ಅದಕ್ಕೆ ಒಪ್ಪಿಸಲಾಗಿತ್ತು ಅನ್ನಬೇಕು. ಅಲೆಯಂಥ ಗುಳಿಗಳಲ್ಲಿ (ರೋಲಿಂಗ್ ಸ್ಕಾರ್) ಚರ್ಮದ ತಳವನ್ನು ನಾರಿನ ಎಳೆಗಳು ಕೆಳಗಿನ ಪದರಕ್ಕೆ ಬಿಗಿದು ಹಿಡಿದಿರುತ್ತವೆ. ಮೇಲಿನಿಂದ ಎಷ್ಟು ಚುಚ್ಚಿದರೂ ಆ ಎಳೆ ತುಂಡಾಗುವುದಿಲ್ಲ. ಅದನ್ನು ಅಡಿಯಿಂದಲೇ ಬಿಡಿಸಬೇಕು. 1995ರಲ್ಲಿ ಓರೆಂಟ್ರೈಕ್ ವೈದ್ಯರು ವಿವರಿಸಿದ ಸಬ್‌ಸಿಷನ್ ಇರುವುದೇ ಇದಕ್ಕಾಗಿ.

ಮೊದಲು ಪರೀಕ್ಷೆ. ಕುಳಿತುಕೊಂಡು, ದೀಪವನ್ನು ಪಕ್ಕದಿಂದ ಹಿಡಿದು ನೋಡಿ. ಗುಳಿಯ ಎರಡೂ ಬದಿಯ ಚರ್ಮವನ್ನು ಬೆರಳಿನಿಂದ ಎಳೆದಾಗ ಮಟ್ಟಸವಾದರೆ ಅದು ಮೃದುವಾದ ಗುಳಿ. ಎಳೆದರೂ ನಡುಭಾಗ ಒಳಗೇ ಸೆಳೆದುಕೊಂಡಿದ್ದರೆ ಅಡಿಯಲ್ಲಿ ಗಟ್ಟಿ ಕಟ್ಟು ಇದೆ ಎಂದರ್ಥ, ಸಬ್‌ಸಿಷನ್ ಇಲ್ಲದೆ ಅದು ಏಳುವುದಿಲ್ಲ. ಚಿಕಿತ್ಸೆಯ ದಿನವೂ ಗುರುತು ಹಾಕುವುದು ಕುಳಿತಿರುವಾಗಲೇ ಆಗಬೇಕು. ಮಲಗಿದರೆ ಅರ್ಧ ಗುಳಿಗಳು ಕಣ್ಣಿಗೇ ಬೀಳುವುದಿಲ್ಲ.

ಕ್ರಮ ಹೀಗೆ: ಅಡ್ರಿನಲಿನ್ ಬೆರೆಸಿದ ಲಿಡೋಕೇನ್ (ಮರಗಟ್ಟಿಸುವ ಮದ್ದು) ತುಂಬಿ, ರಕ್ತನಾಳಗಳು ಕುಗ್ಗಲು 10ರಿಂದ 15 ನಿಮಿಷ ಬಿಡಬೇಕು. ಆತುರಪಟ್ಟರೆ ರಕ್ತಸ್ರಾವ ಹೆಚ್ಚು. ಅಡ್ರಿನಲಿನ್ ಇದ್ದಾಗ ಲಿಡೋಕೇನ್‌ನ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 7 ಮಿ.ಗ್ರಾಂ. ಅಂದರೆ 60 ಕಿಲೋ ತೂಕದವರಿಗೆ 420 ಮಿ.ಗ್ರಾಂ., 1% ದ್ರಾವಣದಲ್ಲಿ 42 ಮಿ.ಲೀ. ಇದು ಮೀರಬಾರದ ಗೆರೆ, ಮುಟ್ಟಬೇಕಾದ ಗುರಿಯಲ್ಲ. ಆಮೇಲೆ 18 ಗೇಜ್ ಸೂಜಿಯಿಂದ ಒಂದು ಪ್ರವೇಶದ್ವಾರ ಮಾಡಿ, ಚರ್ಮಕ್ಕೂ ಕೊಬ್ಬಿನ ಪದರಕ್ಕೂ ನಡುವೆ ಉಪಕರಣವನ್ನು ಬೀಸಣಿಗೆಯಂತೆ ಆಡಿಸಬೇಕು. ಎಳೆ ಕಡಿಯುವಾಗ ಕೈಗೆ ಕರಕರ ಎನ್ನುವುದು ತಿಳಿಯುತ್ತದೆ. ತಡೆ ಇಲ್ಲದೆ ಸರಾಗವಾಗಿ ಓಡಿದರೆ ಅಲ್ಲಿ ಕೆಲಸ ಮುಗಿದಿದೆ. ಕೊನೆಗೆ 5ರಿಂದ 10 ನಿಮಿಷ ಅದುಮಿ ಹಿಡಿಯುವುದು. ಇದನ್ನು ಯಾರೂ ಕಡಿಮೆ ಮಾಡಬಾರದು.

ಸೂಜಿಯೋ ಕ್ಯಾನುಲಾವೋ ಎಂದರೆ, ಅಗಲ ಗುಳಿಗಳು ತುಂಬ ಇರುವ ಕೆನ್ನೆಗೆ ಕ್ಯಾನುಲಾ. ಒಂದೆರಡು ದ್ವಾರದಿಂದ ಇಡೀ ಕೆನ್ನೆ ಮುಗಿಯುತ್ತದೆ, ನೀಲಿಗಟ್ಟುವುದೂ ಕಡಿಮೆ.

ಉತ್ತರ 2

ಮೇಲಿನದನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಹಳೆಯ, ಗಟ್ಟಿಯಾದ ಕಟ್ಟುಗಳ ಮೇಲೆ ಮೊಂಡು ಕ್ಯಾನುಲಾ ಜಾರಿಹೋಗುತ್ತದೆ. ಅಲ್ಲಿ ತುದಿಯಲ್ಲಿ ಪುಟ್ಟ ಅಲಗಿರುವ ನೋಕೋರ್ ಸೂಜಿಯೇ ಬೇಕು. ಹೆಚ್ಚಿನ ಭಾಗವನ್ನು ಕ್ಯಾನುಲಾದಿಂದ ಬಿಡಿಸಿ, ಜಗ್ಗದೆ ಉಳಿದ ಎರಡು ಮೂರು ಜಾಗಗಳಿಗೆ ಮಾತ್ರ ಸೂಜಿ ಬಳಸುವುದು ಸರಿಯಾದ ಹಂಚಿಕೆ.

ಸೂಜಿ ಹಿಡಿದಾಗ ಎರಡು ಜಾಗಗಳಲ್ಲಿ ಎಚ್ಚರ. ಒಂದು ಕಣತಲೆ: ಹುಬ್ಬು ಎತ್ತುವ ನರದ ಕವಲು ಕೆನ್ನೆಮೂಳೆಯ ಕಮಾನಿನ ಮೇಲೆ ಹಾದುಹೋಗುತ್ತದೆ. ಇನ್ನೊಂದು ದವಡೆಯ ಅಂಚು: ಹಲ್ಲು ಕಚ್ಚಿದಾಗ ಉಬ್ಬುವ ಸ್ನಾಯುವಿನ ಮುಂಬದಿಯಲ್ಲಿ ಮುಖದ ಅಪಧಮನಿಯ ಮಿಡಿತ ಬೆರಳಿಗೆ ಸಿಗುತ್ತದೆ, ತುಟಿಯ ಮೂಲೆ ಇಳಿಸುವ ನರವೂ ಅಲ್ಲೇ ಇದೆ. ಈ ಎರಡೂ ಕಡೆ ಆಳಕ್ಕೆ ಹೋಗಬಾರದು.

ಇನ್ನು ಆ ತೂತುಗಳು. 2 ಮಿ.ಮೀ.ಗಿಂತ ಕಿರಿದಾಗಿ ಆಳಕ್ಕೆ ಇಳಿದಿದ್ದರೆ ಅವು ಐಸ್ ಪಿಕ್. ಸಬ್‌ಸಿಷನ್ ಅವಕ್ಕೆ ಏನೂ ಮಾಡದು. ಅವಕ್ಕೆ ಟಿಸಿಎ ಕ್ರಾಸ್: ಚರ್ಮವನ್ನು ಎಳೆದು ಹಿಡಿದು, 65ರಿಂದ 100% ಟ್ರೈಕ್ಲೋರೋಅಸೆಟಿಕ್ ಆಮ್ಲವನ್ನು ಚೂಪಾದ ಕಡ್ಡಿಯ ತುದಿಯಿಂದ ತೂತಿನ ತಳಕ್ಕೆ ಮಾತ್ರ ಮುಟ್ಟಿಸುವುದು. ಕೆಲವೇ ಸೆಕೆಂಡುಗಳಲ್ಲಿ ಅದು ಸುಣ್ಣದಂತೆ ಬೆಳ್ಳಗಾಗುತ್ತದೆ. ಹನಿ ಹೆಚ್ಚಾಗಿ ಹೊರಗೆ ಹರಿದರೆ ಅಂಚು ಸುಟ್ಟು, ಕಿರಿದಾದ ತೂತು ಅಗಲವಾದ ಗುಳಿಯಾಗುತ್ತದೆ. ಈ ಚಿಕಿತ್ಸೆ ಕೆಡುವುದು ಹೆಚ್ಚಾಗಿ ಹೀಗೆಯೇ. ಕಂದು ಚರ್ಮಕ್ಕೆ ಕಡಿಮೆ ಸಾಂದ್ರತೆಯಿಂದ ಶುರುಮಾಡಿ, ನಾಲ್ಕರಿಂದ ಆರು ವಾರಗಳಿಗೊಮ್ಮೆ, ಮೂರು ಸಲವಾದರೂ ಮಾಡಬೇಕಾಗುತ್ತದೆ. ಎರಡನ್ನೂ ಒಂದೇ ದಿನ ಮಾಡುವುದಾದರೆ ತೂತುಗಳಿಗೆ ಮೊದಲೇ ಗುರುತು ಹಾಕಿಸಿಕೊಳ್ಳಿ. ಮದ್ದು ತುಂಬಿ ಕೆನ್ನೆ ಊದಿದ ಮೇಲೆ ಅವು ಮರೆಯಾಗುತ್ತವೆ.

ದಯವಿಟ್ಟು ಈ ಆಮ್ಲವನ್ನು ತರಿಸಿಕೊಂಡು ಮನೆಯಲ್ಲಿ ಪ್ರಯತ್ನಿಸಬೇಡಿ. ಒಮ್ಮೆ ಸುಟ್ಟ ಅಂಚನ್ನು ಹಿಂದಕ್ಕೆ ತರಲಾಗದು.

ಪ್ರಶ್ನೆ ಕೇಳಿದವರು

ಎಳೆದಾಗ ಎಡಗೆನ್ನೆಯ ನಾಲ್ಕು ಗುಳಿಗಳ ನಡುಭಾಗ ಒಳಗೇ ಉಳಿಯುತ್ತದೆ, ಬಲಗೆನ್ನೆ ಬಹುತೇಕ ಮಟ್ಟಸವಾಗುತ್ತದೆ. ಬಿಡಿಸಿದ ಎಳೆ ಮತ್ತೆ ಅಂಟಿಕೊಳ್ಳುವುದಿಲ್ಲವೇ? ಐಸೊಟ್ರೆಟಿನಾಯಿನ್ ಬಿಟ್ಟು ಆರು ತಿಂಗಳು ಕಾಯಬೇಕು ಎನ್ನುತ್ತಾರಲ್ಲ?

ಉತ್ತರ 1

ಹಾಗಾದರೆ ಎಡಗೆನ್ನೆಗೇ ಹೆಚ್ಚು ಗಮನ. ಹೌದು, ಮತ್ತೆ ಅಂಟಿಕೊಳ್ಳುತ್ತದೆ. ಒಂದೇ ಸಲಕ್ಕೆ ಪೂರ್ತಿ ಏಳುವುದು ಅಪರೂಪವಾಗಿರುವುದಕ್ಕೆ ಇದೂ ಕಾರಣ. ಬಿಡಿಸಿದ ಜಾಗಕ್ಕೆ ಹೈಲುರಾನಿಕ್ ಆಮ್ಲದ ಫಿಲ್ಲರ್ (ಚರ್ಮದಡಿ ತುಂಬುವ ಜೆಲ್) ಹಾಕಿದರೆ ಎರಡು ಪದರಗಳ ನಡುವೆ ಅಂತರ ಉಳಿಯುತ್ತದೆ. ಅದು ಕಾಲಕ್ರಮೇಣ ಕರಗಿದರೂ ಅಷ್ಟರಲ್ಲಿ ಹೊಸ ಕೊಲಾಜೆನ್ ಕೂಡಿರುತ್ತದೆ. ಮೊದಲ ವಾರದ ಊತದಲ್ಲಿ ಗುಳಿ ಮಾಯವಾದಂತೆ ಕಾಣುತ್ತದೆ, ಆ ನೋಟ ನಿಲ್ಲುವುದಿಲ್ಲ. ನಿಜವಾದ ಫಲ ಅಳೆಯಲು ಅದೇ ಬೆಳಕಿನಲ್ಲಿ, ಅದೇ ಕೋನದಲ್ಲಿ ಫೋಟೋ ತೆಗೆದು ಮೂರು ತಿಂಗಳ ಬಳಿಕ ಹೋಲಿಸಿ.

ಆರು ತಿಂಗಳ ಕಾಯುವಿಕೆ ಹಳೆಯ ನಿಯಮ. 2017ರಲ್ಲಿ ಬಂದ ತಜ್ಞರ ಶಿಫಾರಸುಗಳು ಮೇಲ್ಮೈ ಪೀಲ್ (ರಾಸಾಯನಿಕದಿಂದ ಮೇಲ್ಪದರ ಸುಲಿಯುವುದು), ಫ್ರಾಕ್ಷನಲ್ ಲೇಸರ್ (ಚುಕ್ಕೆಚುಕ್ಕೆಯಾಗಿ ಬಿಡುವ ಲೇಸರ್) ಮುಂತಾದವನ್ನು ಮುಂದೂಡಲು ಸಾಕಷ್ಟು ಪುರಾವೆ ಇಲ್ಲ ಎಂದವು. ಯಂತ್ರದಿಂದ ಚರ್ಮ ಉಜ್ಜುವ ಡರ್ಮಾಬ್ರೇಷನ್ ಮತ್ತು ಮೇಲ್ಪದರವನ್ನು ಪೂರ್ತಿ ತೆಗೆಯುವ ಲೇಸರ್‌ಗೆ ಮಾತ್ರ ಬೇಡ ಎಂದೇ ಹೇಳಿದವು. ನಿಮ್ಮ ವೈದ್ಯರಿಗೆ ತಾರೀಖು ತಿಳಿಸಿ, ಅವರೇ ತೀರ್ಮಾನಿಸಲಿ. ಅದಕ್ಕಿಂತ ಮುಖ್ಯ, ಹೊಸ ಮೊಡವೆ ಏಳುತ್ತಿದ್ದರೆ ಮೊದಲು ಅದು ನಿಲ್ಲಬೇಕು.

ಉತ್ತರ 2

ಆರೈಕೆಯ ಬಗ್ಗೆ ಕೊನೆಯ ಮಾತು. ಒಂದೆರಡು ವಾರ ನೀಲಿಗಟ್ಟುವುದು ಸಹಜ. ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ತಪ್ಪಿಸಬೇಡಿ, ಕಪ್ಪು ಗುರುತಿನ ಭಯವಿರುವ ನಿಮಗೆ ಇದು ಚಿಕಿತ್ಸೆಯಷ್ಟೇ ಮುಖ್ಯ. ಕ್ರಾಸ್ ಆದ ಜಾಗದ ಹಕ್ಕಳೆ ಕೀಳಬೇಡಿ. ಕೆಲವು ವಾರಗಳ ನಂತರ ಕೈಗೆ ಗಂಟು ಸಿಕ್ಕರೆ ಗಾಬರಿ ಬೇಡ. ಬಹಳಷ್ಟು ತಾವೇ ಕರಗುತ್ತವೆ, ಉಳಿದದ್ದಕ್ಕೆ ಕಡಿಮೆ ಸಾಂದ್ರತೆಯ ಟ್ರೈಆಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುತ್ತಾರೆ. ಆದರೆ ಒಂದೇ ಕಡೆ ಬೇಗಬೇಗ ಬಿಗಿದು ಊದಿದರೆ, ನೋವು ಏರುತ್ತಲೇ ಹೋದರೆ, ಕೀವು ಅಥವಾ ಜ್ವರ ಬಂದರೆ, ಫಿಲ್ಲರ್ ಹಾಕಿದ ಮೇಲೆ ಚರ್ಮ ಬಿಳಿಚಿ ಬಲೆಯಂತೆ ನೀಲಿಗೆರೆ ಮೂಡಿದರೆ ಮರುದಿನಕ್ಕೆ ಕಾಯದೆ ಆಗಲೇ ವೈದ್ಯರ ಬಳಿ ಹೋಗಿ.