ಬ್ರೇಕ್ ‘ಹಿಡ್ಕೊಂಡಿದೆ’, ಬ್ರೇಕ್ ‘ಬಿಡ್ತಿಲ್ಲ’: ಎರಡೂ ಒಂದೇನಾ?

ಗೆಳೆಯರಿಗೆ ನಮಸ್ಕಾರ.

ಗ್ಯಾರೇಜಿನ ಮಾತಿನ ಬಗ್ಗೆ ಒಂದು ಪ್ರಶ್ನೆ ಇದೆ. ‘ಬ್ರೇಕ್ ಹಿಡ್ಕೊಂಡಿದೆ’ ಮತ್ತು ‘ಬ್ರೇಕ್ ಬಿಡ್ತಿಲ್ಲ’ ಅನ್ನುವ ಎರಡು ಮಾತಿಗೆ ನಿಮ್ಮ ಕಡೆ ಏನಾದರೂ ವ್ಯತ್ಯಾಸ ಇದೆಯಾ? ಅಥವಾ ಯಾವುದು ಬಾಯಿಗೆ ಬಂತೋ ಅದನ್ನು ಅನ್ನುತ್ತೀರಾ?

ಕೇಳುವುದಕ್ಕೆ ಕಾರಣ ಇದೆ. ನಾನಿರುವುದು ಇಂಗ್ಲೆಂಡಿನಲ್ಲಿ. ನನ್ನ ಹತ್ತಿರ 1991ರ ಮಾಜ್ದಾ ಎಂಎಕ್ಸ್-5 ಇದೆ. ಎರಡೇ ಸೀಟಿನ ಕಾರು, 1989ರಲ್ಲಿ ಶುರುವಾದ ಮೊದಲ ತಲೆಮಾರಿನದು. ಇಲ್ಲಿ ಚಳಿಗಾಲದಲ್ಲಿ ಮಂಜು ಗಟ್ಟಿಯಾಗದಿರಲಿ ಅಂತ ರಸ್ತೆಗೆ ಉಪ್ಪು ಎರಚುತ್ತಾರೆ. ಅದು ಹಳೇ ಕಾರಿನ ತಳಕ್ಕೆ, ಬ್ರೇಕಿಗೆ ಯಮ. ವರ್ಷಕ್ಕೊಂದು ಸಲ ಎಂಒಟಿ ಪರೀಕ್ಷೆ ಬೇರೆ, ಅಂದರೆ ಕಾರು ರಸ್ತೆಗಿಳಿಯಲು ಯೋಗ್ಯವಾ ಅಂತ ನೋಡುವ ಪರೀಕ್ಷೆ. ಅಲ್ಲಿ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ, ಎಡಕ್ಕೂ ಬಲಕ್ಕೂ ಬ್ರೇಕ್ ಎಷ್ಟೆಷ್ಟು ಹಿಡಿಯುತ್ತದೆ ಅಂತ ಅಳೆಯುತ್ತಾರೆ. ಈ ಸಲದ ಚೀಟಿಯಲ್ಲಿ ನನ್ನ ಹಿಂದಿನ ಎಡ ಚಕ್ರ ‘ಬೈಂಡಿಂಗ್’ (ಕಾಲು ತೆಗೆದರೂ ಬ್ರೇಕ್ ಸಡಿಲವಾಗುತ್ತಿಲ್ಲ) ಅಂತ ಬಂದಿತ್ತು. ತುಮಕೂರಿನಲ್ಲಿ ಭಾವನ ಗ್ಯಾರೇಜ್ ಇದೆ. ಅವರಿಗೆ ಫೋನ್ ಹಚ್ಚಿದೆ.

“ಭಾವ, ಹಿಂದಿನ ಬ್ರೇಕ್ ಜಾಮ್ ಆಗಿದೆ.”

“ಜಾಮ್ ಅಂದ್ರೆ ಏನೋ? ಹಿಡ್ಕೊಂಡಿದೆಯೋ, ಬಿಡ್ತಿಲ್ವೋ?”

“ಎರಡೂ ಒಂದೇ ಅಲ್ವಾ?”

“ಒಂದೇ ಆಗಿದ್ರೆ ಯಾಕೆ ಕೇಳ್ತಿದ್ದೆ? ಜಾಕ್ ಕೊಟ್ಟು ನಿಪ್ಪಲ್ ಲೂಸ್ ಮಾಡಿ ನೋಡು. ಚಕ್ರ ತಿರುಗಿದ್ರೆ ಬಿಡ್ತಿರಲಿಲ್ಲ ಅಂತ. ಆಗ್ಲೂ ತಿರುಗದಿದ್ರೆ ಹಿಡ್ಕೊಂಡಿದೆ ಅಂತ.”

(ನಿಪ್ಪಲ್ ಅಂದರೆ ಚಕ್ರದ ಹತ್ತಿರ ಬ್ರೇಕ್ ಫ್ಲೂಯಿಡ್ ಹೊರಬಿಡುವ ಸಣ್ಣ ತಿರುಪು.) ಇದು ಬರೀ ಮಾತಿನ ವ್ಯತ್ಯಾಸವಲ್ಲ, ಕಾಯಿಲೆಯ ವ್ಯತ್ಯಾಸ. ಪೆಡಲ್ ಒತ್ತಿದಾಗ ಫ್ಲೂಯಿಡ್ ಒತ್ತಡ ಕ್ಯಾಲಿಪರ್ (ಡಿಸ್ಕನ್ನು ಇಕ್ಕಳದ ಹಾಗೆ ಹಿಡಿಯುವ ಭಾಗ) ಒಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ ಪ್ಯಾಡನ್ನು ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಒತ್ತುತ್ತದೆ. ಕಾಲು ತೆಗೆದ ಮೇಲೆ ಆ ಒತ್ತಡ ವಾಪಸ್ ಹೋಗಬೇಕು. ಹಳೇ ಕಾರಿನಲ್ಲಿ ಫ್ಲೂಯಿಡ್ ಹರಿಯುವ ರಬ್ಬರ್ ಹೋಸ್ ಹೊರಗಿಂದ ಚೆನ್ನಾಗೇ ಕಾಣುತ್ತದೆ. ಒಳಗೆ ಮಾತ್ರ ಊದಿಕೊಂಡು ದಾರಿ ಮುಚ್ಚಿರುತ್ತದೆ. ಪೆಡಲಿನ ಜೋರಿಗೆ ಫ್ಲೂಯಿಡ್ ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ನಿಪ್ಪಲ್ ತೆಗೆದ ಕೂಡಲೇ ಸಿಕ್ಕಿಕೊಂಡಿದ್ದ ಒತ್ತಡ ಹೊರಗೆ ಬಂದು ಚಕ್ರ ಸಡಿಲವಾಗುತ್ತದೆ. ಇದು ಭಾವನ ಭಾಷೆಯಲ್ಲಿ ‘ಬಿಡ್ತಿಲ್ಲ’. ತಪ್ಪು ಹೋಸಿನದ್ದು, ಕೆಲವು ಸಲ ಮಾಸ್ಟರ್ ಸಿಲಿಂಡರಿನದ್ದು (ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಪಂಪು). ಒತ್ತಡ ತೆಗೆದರೂ ಚಕ್ರ ಬಿಗಿಯಾಗೇ ಇದ್ದರೆ ತುಕ್ಕಿನ ಕೆಲಸ. ಪಿಸ್ಟನ್ನೋ, ಕ್ಯಾಲಿಪರ್ ಜಾರಬೇಕಾದ ಪಿನ್ನೋ, ಹ್ಯಾಂಡ್ ಬ್ರೇಕಿನ ಲಿವರೋ ಕಚ್ಚಿಕೊಂಡಿದೆ. ಇದು ‘ಹಿಡ್ಕೊಂಡಿದೆ’.

ಈಗ ವ್ಯಾಕರಣಕ್ಕೆ ಬರುತ್ತೇನೆ. ‘ಬ್ರೇಕ್ ಹಿಡಿಯುತ್ತೆ’ ಅಂದರೆ ಒಳ್ಳೇದು. ‘ಹಿಡಿಯುತ್ತಿಲ್ಲ’ ಅಂದರೆ ಅಪಾಯ. ಅದಕ್ಕೇ ‘ಕೊಳ್ಳು’ ಸೇರಿಸಿ ‘ಹಿಡಿದುಕೊಂಡಿದೆ’ ಅಂದರೆ ಮತ್ತೆ ಕೆಟ್ಟದ್ದು, ಆದರೆ ಉಲ್ಟಾ ಕೆಟ್ಟದ್ದು. ಕತ್ತು ಹಿಡ್ಕೊಂಡಿದೆ, ಸೊಂಟ ಹಿಡ್ಕೊಂಡಿದೆ ಅನ್ನುತ್ತೀವಲ್ಲ, ಅದೇ ಕೊಳ್ಳು ಇದು. ಅಲ್ಲೂ ಯಾರೂ ಬಂದು ಹಿಡಿದಿರುವುದಿಲ್ಲ, ಅದೇ ಹಿಡ್ಕೊಂಡಿರುತ್ತದೆ. ‘ಬಿಡ್ತಿಲ್ಲ’ ಅನ್ನುವಾಗ ಮಾತ್ರ ಹಿಡಿದವರೊಬ್ಬರು ಇದ್ದಾರೆ ಅನ್ನುವ ಭಾವ ಬರುತ್ತದೆ: ಪೆಡಲ್ ಹಿಡಿಸಿತು, ಬಿಡಬೇಕಿತ್ತು, ಬಿಡಲಿಲ್ಲ. ಭಾವ ಈ ಲೆಕ್ಕ ಹಾಕಿ ಮಾತಾಡುವವರಲ್ಲ. ಆದರೆ ಅವರ ಬಾಯಲ್ಲಿ ಲೆಕ್ಕ ತಪ್ಪುವುದೂ ಇಲ್ಲ. ‘ಜಾಮ್’ ಅನ್ನುವ ಪದ ಬಂದು ಈ ಎರಡನ್ನೂ ನುಂಗಿಹಾಕುತ್ತಿದೆ ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ಕೇಳುತ್ತಿದ್ದೇನೆ: ಈ ವ್ಯತ್ಯಾಸ ಭಾವನ ಗ್ಯಾರೇಜಿನದ್ದು ಮಾತ್ರವಾ, ಎಲ್ಲ ಕಡೆಯೂ ಇದೆಯಾ?

ನನ್ನ ಕಾರಿನ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರಾದರೂ ಕೇಳೇ ಕೇಳುತ್ತೀರಿ. ನಿಪ್ಪಲ್ ತೆಗೆದೆ, ಚಕ್ರ ಜಗ್ಗಲಿಲ್ಲ. ಅಂದರೆ ‘ಹಿಡ್ಕೊಂಡಿದೆ’. ಪ್ಯಾಡ್ ಈಚೆ ತೆಗೆದು ನೋಡಿದರೆ ಹೊರಗಿನದ್ದು 7 ಮಿ.ಮೀ. ಇದೆ, ಒಳಗಿನದ್ದು ಬರೀ 2. ಕ್ಯಾಲಿಪರ್ ತನ್ನ ಪಿನ್ನಿನ ಮೇಲೆ ಜಾರುತ್ತಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಸಮ ಸವೆಯಬೇಕು. ಪಿನ್ ತುಕ್ಕು ಹಿಡಿದು ಹಿಡ್ಕೊಂಡಿತ್ತು. (ನೋಡಿ, ಎರಡೂ ‘ಹಿಡಿ’ ಒಂದೇ ವಾಕ್ಯದಲ್ಲಿ, ಯಾರಿಗೂ ಗೊಂದಲ ಆಗಲ್ಲ.) ಪಿನ್ ಉಜ್ಜಿ, ಅದನ್ನು ಮುಚ್ಚುವ ಹೊಸ ರಬ್ಬರ್ ಬೂಟ್ ಹಾಕಿ, ಸಿಲಿಕೋನ್ ಗ್ರೀಸ್ ಸವರಿದೆ. ಸಾಮಾನ್ಯ ಗ್ರೀಸ್ ಹಾಕಬಾರದು, ರಬ್ಬರ್ ಊದಿಕೊಳ್ಳುತ್ತದೆ.

ಈ ಕಾರಿನಲ್ಲಿ ಇನ್ನೊಂದು ಚಾಲಾಕಿತನ ಇದೆ. ಹ್ಯಾಂಡ್ ಬ್ರೇಕ್ ಕೂಡ ಹಿಂದಿನ ಕ್ಯಾಲಿಪರ್ ಒಳಗೇ ಇದೆ. ಪ್ಯಾಡ್ ಸವೆದಂತೆ ಪಿಸ್ಟನ್ನನ್ನು ಮುಂದಕ್ಕೆ ತರಲು ಕ್ಯಾಲಿಪರ್ ಬೆನ್ನಿನ ಒಂದು ಬೋಲ್ಟ್ ತೆಗೆದು, ಒಳಗೆ 4 ಮಿ.ಮೀ. ಅಲೆನ್ ಕೀ ಹಾಕಿ ತಿರುಗಿಸಬೇಕು. ಚಕ್ರ ಬಿಗಿಯಾಗುವವರೆಗೆ ಬಲಕ್ಕೆ ತಿರುಗಿಸಿ, ಆಮೇಲೆ ಮೂರನೇ ಒಂದು ಸುತ್ತು ವಾಪಸ್. ಇದು ಗೊತ್ತಿಲ್ಲದವರು ಕೇಬಲ್ ಬಿಗಿ ಮಾಡುತ್ತಾ ಕೂರುತ್ತಾರೆ. ಎಳೆದಾಗ ಹ್ಯಾಂಡ್ ಬ್ರೇಕ್ 5ರಿಂದ 7 ಹಲ್ಲಿನೊಳಗೆ (ಎಳೆಯುವಾಗ ಕೇಳುವ ಒಂದೊಂದು ‘ಕಟ್’ ಒಂದು ಹಲ್ಲು) ಹಿಡಿಯಬೇಕು. ‘ಹಲ್ಲು’ ಅಂತಲೇ ಭಾವ ಅನ್ನುವುದು, ನನಗೆ ಅದು ತುಂಬಾ ಇಷ್ಟವಾಯಿತು. ಸಾಮಾನು ತರಿಸುವವರಿಗೆ ಒಂದು ಮಾತು: ಮೊದಲಿನ 1.6 ಲೀಟರ್ ಕಾರಿನ ಮುಂದಿನ ಡಿಸ್ಕ್ 235 ಮಿ.ಮೀ., ಆಮೇಲೆ ಬಂದ 1.8ರದ್ದು 255. ಒಂದರದ್ದು ಇನ್ನೊಂದಕ್ಕೆ ಕೂರಲ್ಲ.

ಇಲ್ಲಿ ಹಳೇ ಕಾರು ಇಟ್ಟುಕೊಂಡಿರುವ ಕನ್ನಡದ ಗೆಳೆಯರಿಗೆ ಅಂತ ಬ್ರೇಕ್ ಕೆಲಸದ ಬಗ್ಗೆ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಅದರಲ್ಲಿ ಇನ್ನೂ ಕೆಲವು ಮಾತಿನ ಹತ್ತಿರ ನಿಂತಿದ್ದೇನೆ.

ಪೆಡಲಿನ ವಿಚಾರ ನೋಡಿ. ಲೈನಿನಲ್ಲಿ ಗಾಳಿ ಸೇರಿದ್ದರೆ ಪೆಡಲ್ ‘ಮೆತ್ತಗೆ’ ಇರುತ್ತದೆ, ಎರಡು ಮೂರು ಸಲ ಪಂಪ್ ಹೊಡೆದರೆ ಗಟ್ಟಿಯಾಗುತ್ತದೆ. ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಹೋಗಿದ್ದರೆ ಬೇರೆ ಥರ. ಸಿಗ್ನಲ್ಲಿನಲ್ಲಿ ಕಾಲಿಟ್ಟು ನಿಂತಿರುವಾಗ ಪೆಡಲ್ ಮೆಲ್ಲಗೆ ಕೆಳಗೆ ಹೋಗುತ್ತಾ ಇರುತ್ತದೆ. ಅದಕ್ಕೆ ಭಾವ ‘ಪೆಡಲ್ ಇಳಿಯುತ್ತೆ’ ಅಂದರು. ನಾನು ‘ಕುಸಿಯುತ್ತೆ’ ಅಂತ ಬರೆದಿದ್ದೆ. ಕುಸಿಯುವುದು ಒಮ್ಮೆಗೇ ಆಗುವಂಥದ್ದು, ಇದು ನಿಧಾನಕ್ಕೆ ಆಗುವಂಥದ್ದು. ‘ಇಳಿಯುತ್ತೆ’ಯೇ ಸರಿ ಅನ್ನಿಸುತ್ತದೆ. ಬೇರೆ ಮಾತಿದ್ದರೆ ಹೇಳಿ.

ಸದ್ದಿನ ಮಾತಂತೂ ಕನ್ನಡದಲ್ಲಿ ಧಾರಾಳ. ಪ್ಯಾಡ್ ತೆಳ್ಳಗಾದಾಗ ಅದರ ಜೊತೆಗಿರುವ ಸಣ್ಣ ತಗಡು ಡಿಸ್ಕಿಗೆ ತಾಗಿ ‘ಕೀಂಯ್’ ಅನ್ನುತ್ತದೆ. ಬೇಕೆಂದೇ ಹಾಗೆ ಇಟ್ಟಿರುತ್ತಾರೆ. ಅದನ್ನು ಕೇಳಿಸಿಕೊಳ್ಳದೆ ಓಡಿಸಿದರೆ ಪ್ಯಾಡಿನ ಕಬ್ಬಿಣದ ಬೆನ್ನು ಡಿಸ್ಕಿಗೆ ಉಜ್ಜಿ ‘ಗರಗರ’. ಕೀಂಯ್ ಅಂದರೆ ಪ್ಯಾಡಿನ ಖರ್ಚು, ಗರಗರ ಅಂದರೆ ಡಿಸ್ಕಿನದ್ದೂ ಸೇರಿ. ಡಿಸ್ಕ್ ಎಷ್ಟು ತೆಳ್ಳಗಾಗಬಹುದು ಅಂತ ಅದರ ಮೇಲೇ ಒತ್ತಿರುತ್ತಾರೆ. ಅದಕ್ಕಿಂತ ಕಡಿಮೆಯಾದರೆ ಲೇತಿಗೆ ಕೊಟ್ಟು ಮೈ ಸಮ ಮಾಡಿಸುವ ಮಾತಿಲ್ಲ, ಹೊಸದೇ.

ಇನ್ನು ‘ಬ್ರೇಕ್ ಆಯಿಲ್’. ನಮ್ಮೂರಲ್ಲಿ ಎಲ್ಲರೂ ಅನ್ನುವುದು ಹಾಗೇ. ಜನ ಆಡುವ ಮಾತನ್ನು ತಿದ್ದುವುದು ನನಗೆ ಹಿಡಿಸಲ್ಲ. ಆದರೆ ಇಲ್ಲಿ ಮಾತ್ರ ‘ಫ್ಲೂಯಿಡ್’ ಅಂತಲೇ ಬರೆಯುತ್ತೇನೆ, ಯಾಕೆಂದರೆ ಅದು ಎಣ್ಣೆಯಲ್ಲ. ಹೆಸರು ನಂಬಿ ಯಾರಾದರೂ ಎಂಜಿನ್ ಆಯಿಲ್ ಸುರಿದರೆ ಎಲ್ಲ ಸೀಲೂ ಊದಿ ಹಾಳಾಗುತ್ತದೆ. ಡಾಟ್ 3, ಡಾಟ್ 4 (ಡಬ್ಬಿಯ ಮೇಲೆ ಬರೆದಿರುವ ದರ್ಜೆ) ಫ್ಲೂಯಿಡ್‌ಗಳು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತವೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಕಾದು ಪೆಡಲ್ ಪಾತಾಳಕ್ಕೆ ಹೋಯಿತು ಅನ್ನುವವರ ಫ್ಲೂಯಿಡ್ ಕುದಿದು ಆವಿಯಾಗಿರುವುದು ಹೆಚ್ಚು. ಎಣ್ಣೆಗೂ ನೀರಿಗೂ ಸೇರಲ್ಲ ಅಂತ ನಮಗೆ ಗೊತ್ತಲ್ಲ, ಅದಕ್ಕೇ ‘ಆಯಿಲ್’ ಅಂದುಕೊಂಡವರು ಅದರಲ್ಲಿ ನೀರು ಸೇರುತ್ತದೆ ಅಂದರೆ ನಂಬಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿಬಿಡುವುದು ಒಳ್ಳೇದು. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಬಣ್ಣ ತಿಂದುಬಿಡುತ್ತದೆ.

ಹೊಸ ಪ್ಯಾಡ್ ಹಾಕಿದ ಮೇಲೆ ಸ್ವಲ್ಪ ದೂರ ಹದವಾಗಿ ಬ್ರೇಕ್ ಹಾಕುತ್ತಾ, ಮಧ್ಯೆ ತಣಿಯಲು ಬಿಡುತ್ತಾ ಓಡಿಸಬೇಕಲ್ಲ, ಪ್ಯಾಡೂ ಡಿಸ್ಕೂ ಒಂದಕ್ಕೊಂದು ಹೊಂದುವವರೆಗೆ? ಅದಕ್ಕೆ ಭಾವ ‘ಪ್ಯಾಡ್ ಕೂರಬೇಕು’ ಅಂದರು. ನನಗೆ ‘ಪಳಗಬೇಕು’ ಅಂತ ಬರೆಯುವ ಆಸೆ. ಭಾವ ನಕ್ಕು, “ಪಳಗೋಕೆ ಅದೇನು ಆನೆನಾ?” ಅಂದರು. ನಿಮ್ಮ ಮತ ಯಾರಿಗೆ?

ಕೊನೆಗೆ ‘ಬ್ಲೀಡ್ ಮಾಡುವುದು’. ಗ್ಯಾರೇಜಿನಲ್ಲಿ ‘ಏರ್ ತೆಗೆಯೋದು’ ಅನ್ನುತ್ತಾರೆ. ಆದರೆ ಗಾಳಿ ಸೇರಿರದೆ ಹಳೇ ಫ್ಲೂಯಿಡ್ ಹೊರಹಾಕಲು ಮಾಡುವುದೂ ಇದೇ ಕೆಲಸ: ಒಬ್ಬರು ಪೆಡಲ್ ಒತ್ತಿ ಹಿಡಿಯುವುದು, ಇನ್ನೊಬ್ಬರು ನಿಪ್ಪಲ್ ತೆಗೆದು, ಫ್ಲೂಯಿಡ್ ಬಂದ ಮೇಲೆ ಮುಚ್ಚಿ, ಆಮೇಲೆ “ಬಿಡಿ” ಅನ್ನುವುದು. ಮುಚ್ಚುವ ಮೊದಲೇ ಕಾಲು ತೆಗೆದರೆ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಇದಕ್ಕೂ ‘ಏರ್ ತೆಗೆಯೋದು’ ಅಂತಲೇ ಅನ್ನುತ್ತೀರಾ, ಬೇರೆ ಮಾತು ಇದೆಯಾ? ಹುಬ್ಬಳ್ಳಿ-ಧಾರವಾಡ ಮತ್ತು ಮಂಗಳೂರು ಕಡೆಯವರು ತಮ್ಮ ಊರಿನ ಮೆಕ್ಯಾನಿಕ್‌ಗಳನ್ನು ಕೇಳಿ ಬರೆದರೆ ಉಪಕಾರ. ಅವರು ಅಂದಿದ್ದನ್ನು ತಿದ್ದದೆ ಹಾಗೆಹಾಗೇ ಬರೆಯಿರಿ.