ಹಳೇ ಪವರ್ ಪ್ರೆಸ್‌ಗೆ ಲೈಟ್ ಕರ್ಟನ್ ಹಾಕಿಸಿದರೆ ಕೈ ಉಳಿಯುತ್ತಾ?

ಪೀಣ್ಯ ಸೂಪರ್‌ವೈಸರ್:
ನಮಸ್ಕಾರ. ಪೀಣ್ಯದ ಒಂದು ಸಣ್ಣ ಪ್ರೆಸ್ ಶಾಪ್‌ನಲ್ಲಿ ಶಿಫ್ಟ್ ಸೂಪರ್‌ವೈಸರ್ ನಾನು. ಬ್ರಾಕೆಟ್, ವಾಷರ್ ಹೊಡೆಯುತ್ತೇವೆ. ಎಲ್ಲಾ ಹಳೇ ಸಿ-ಫ್ರೇಮ್ ಪ್ರೆಸ್‌ಗಳು, ಪಿನ್ ಕ್ಲಚ್‌ನವು. ಹೋದ ತಿಂಗಳು 50 ಟನ್ ಪ್ರೆಸ್‌ನಲ್ಲಿ ಪೀಸ್ ತೆಗೆಯಲು ಕೈ ಹಾಕಿದ ಹುಡುಗನ ತೋರುಬೆರಳು ಹೋಯಿತು. ಪೆಡಲ್ ಒಂದೇ ಸಲ ತುಳಿದೆ, ಮೇಲಿಂದ ಇಳಿದು ಹೊಡೆಯುವ ರ‍್ಯಾಮ್ ತಾನಾಗೇ ಎರಡನೇ ಸಲ ಇಳಿಯಿತು ಅಂತ ಅವನು ಹೇಳುತ್ತಾನೆ. ಗಮನ ಬೇರೆ ಕಡೆ ಇತ್ತು ಅಂತ ಉಳಿದವರು. ಮಾಲೀಕರು ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಮೆಷಿನ್ ನಿಲ್ಲಿಸುವ ಬೆಳಕಿನ ಕಿರಣಗಳ ಪರದೆ) ಹಾಕಿಸೋಣ ಅಂತಿದ್ದಾರೆ. ಒಂದು ಪ್ರೆಸ್‌ಗೆ ಎರಡು ಕೈಯ ಬಟನ್ ಇದೆ, ಆದರೆ ಒಂದಕ್ಕೆ ಕಡ್ಡಿ ಸಿಕ್ಕಿಸಿಟ್ಟು ಕೆಲಸ ಮಾಡುತ್ತಾರೆ. ಬೈದರೂ ಕೇಳಲ್ಲ. ಎಲ್ಲಿಂದ ಶುರು ಮಾಡಲಿ?

ಡೈ ಫಿಟ್ಟರ್, ರಾಜಾಜಿನಗರ:
ಮೊದಲು ಆ ಲೈಟ್ ಕರ್ಟನ್ ಆರ್ಡರ್ ನಿಲ್ಲಿಸಿ. ಪಿನ್ ಕ್ಲಚ್ ಒಂದು ಸಲ ಮೋಟರ್ ತಿರುಗಿಸೋ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲ್‌ಗೆ ಕಚ್ಚಿಕೊಂಡರೆ ರ‍್ಯಾಮ್ ಇಳಿಸಿ ಎತ್ತೋ ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ಹಾಕಿಯೇ ಬಿಡೋದು. ಅರ್ಧದಲ್ಲಿ ಕೈ ಕಂಡರೂ ರ‍್ಯಾಮ್ ನಿಲ್ಲಿಸೋಕೆ ಅಲ್ಲಿ ಏನೂ ಇಲ್ಲ. ಕರ್ಟನ್ ಕೆಲಸ ಮಾಡೋದು ಅರ್ಧದಲ್ಲೂ ಬಿಡಿಸಬಹುದಾದ ಫ್ರಿಕ್ಷನ್ ಕ್ಲಚ್, ಒಳ್ಳೆ ಬ್ರೇಕ್ ಇರುವ ಪ್ರೆಸ್‌ನಲ್ಲಿ. ನಿಮ್ಮಲ್ಲಿ ಹಾಕಿದರೆ ಲೈಟ್ ಇದೆ ಅನ್ನೋ ಧೈರ್ಯದಲ್ಲಿ ಹುಡುಗರು ಇನ್ನೂ ಸಲೀಸಾಗಿ ಕೈ ಹಾಕುತ್ತಾರೆ.

ಎರಡನೇದು, ಆ ಹುಡುಗನ ಮಾತು ನಂಬಿ. ಪಿನ್‌ನ ಅಂಚು ಸವೆದಿದ್ದರೆ, ಅದರ ಸ್ಪ್ರಿಂಗ್ ಮುರಿದಿದ್ದರೆ, ಬ್ರೇಕ್ ಲೈನಿಂಗ್‌ಗೆ ಎಣ್ಣೆ ಹತ್ತಿದ್ದರೆ ಹೀಗೆ ಡಬಲ್ ಸ್ಟ್ರೋಕ್ ಆಗೇ ಆಗುತ್ತೆ. ಆ ಪ್ರೆಸ್ ನಿಲ್ಲಿಸಿ, ಕ್ಲಚ್ ಬಿಚ್ಚಿ ನೋಡಿ. ಮೋಟರ್ ಆಫ್ ಮಾಡಿದ ತಕ್ಷಣ ಕೈ ಹಾಕಬೇಡಿ, ಫ್ಲೈವೀಲ್ ಪೂರ್ತಿ ನಿಲ್ಲಲಿ, ರ‍್ಯಾಮ್ ಕೆಳಗೆ ಬ್ಲಾಕ್ ಇಡಿ.

ಆಮೇಲೆ ಡೈ, ಅಂದರೆ ತಗಡಿಗೆ ಆಕಾರ ಕೊಡೋ ಅಚ್ಚು. ನನ್ನ ಕೆಲಸವೇ ಅದಾದ್ದರಿಂದ ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ. ಕೈ ಜೋಪಾನ ಅಂತ ದಿನಾ ಹೇಳುವ ಬದಲು, ಕೈ ಒಳಗೆ ಹೋಗೋ ಅಗತ್ಯವೇ ಇಲ್ಲದಂತೆ ಡೈ ಮಾಡಿಸಿ. ಪಟ್ಟಿ ಹಾಕಿ ಹೊಡೆಯೋ ವಾಷರ್‌ಗಾದರೆ ಪಂಚ್ ಸುತ್ತ ಗಟ್ಟಿಯಾದ ಗಾರ್ಡ್, ಪಟ್ಟಿ ಮಾತ್ರ ನುಗ್ಗುವಷ್ಟು ಸೀಳು. ಸೀಳು 6 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಬೆರಳು ಹೋಗಲ್ಲ. ಕೈಯಲ್ಲೇ ಪೀಸ್ ಇಡೋ ಬ್ರಾಕೆಟ್ ಕೆಲಸಕ್ಕೆ ಸ್ಲೈಡ್ ಮಾಡಿಸಿ. ಕೆಳಗಿನ ಡೈ ಒಂದು ಟ್ರೇ ಮೇಲೆ ಕೂತಿರುತ್ತೆ. ಆಪರೇಟರ್ ಹಿಡಿ ಹಿಡಿದು ಹೊರಗೆ ಎಳೆದು, ಪೀಸ್ ಇಟ್ಟು, ಒಳಗೆ ತಳ್ಳುತ್ತಾನೆ. ಟ್ರೇ ಪೂರ್ತಿ ಕೂತ ಮೇಲಷ್ಟೇ ಪೆಡಲ್ ಇಳಿಯುವಂತೆ ಲಾಕ್ ಕೊಡಿ. ಆಗ ರ‍್ಯಾಮ್ ತಾನಾಗೇ ಇಳಿದರೂ ಕೈ ಹೊರಗಿರುತ್ತೆ. ಇದಕ್ಕೆ ಬೇಕಾದ್ದು ನಿಮ್ಮ ಟೂಲ್ ರೂಮಲ್ಲೇ ಇದೆ.

ಪ್ರೆಸ್ ಆಪರೇಟರ್:
ಅಣ್ಣಾ, ಕಡ್ಡಿ ಯಾಕೆ ಸಿಕ್ಕಿಸುತ್ತಾರೆ ಅಂತ ಒಂದು ಸಲ ಕೇಳಿದ್ದೀರಾ? ನಾವಿದ್ದ ಕಡೆ ಬಟನ್‌ಗಳು ಭುಜಕ್ಕಿಂತ ಮೇಲಿದ್ದವು. ಮಧ್ಯಾಹ್ನದ ಹೊತ್ತಿಗೆ ತೋಳು ಎತ್ತೋಕೇ ಆಗ್ತಿರಲಿಲ್ಲ. ಟಾರ್ಗೆಟ್ ಮಾತ್ರ ಪೆಡಲ್ ಕಾಲದ್ದೇ. ಬಟನ್ ಸೊಂಟದ ಮಟ್ಟಕ್ಕೆ ಇಳಿಸಿದಾಗ, ಟಾರ್ಗೆಟ್ ಕಮ್ಮಿ ಮಾಡಿದಾಗ ಯಾರೂ ಕಡ್ಡಿ ಹುಡುಕಲಿಲ್ಲ. ಎರಡೂ ಬಟನ್ ಒಟ್ಟಿಗೆ ಒತ್ತಬೇಕು, ಪ್ರತಿ ಸ್ಟ್ರೋಕ್‌ಗೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು, ಹಾಗೆ ವೈರಿಂಗ್ ಮಾಡಿಸಿ. ಕಡ್ಡಿ ಇಟ್ಟರೆ ಪ್ರೆಸ್ ನಡೆಯೋದೇ ಇಲ್ಲ. ಪೆಡಲ್ ಇರೋ ಕಡೆ ಮೇಲೊಂದು ತಗಡಿನ ಮುಚ್ಚಳ ಬೇಕೇ ಬೇಕು, ಬ್ರಾಕೆಟ್ ಜಾರಿ ಪೆಡಲ್ ಮೇಲೆ ಬಿದ್ದಿದ್ದನ್ನು ಕಣ್ಣಾರೆ ನೋಡಿದ್ದೀನಿ. ಗಾರ್ಡ್ ಮಾಡೋ ಮೊದಲು ಆ ಮೆಷಿನ್‌ನಲ್ಲಿ ಕೂರುವವರನ್ನೇ ಕೇಳಿ. ಸ್ಕ್ರ್ಯಾಪ್ ಎಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ನಮಗೆ ಗೊತ್ತು.

ಇಎಸ್ಐ ಕೆಲಸ ನೋಡುವವರು:
ಹುಡುಗನ ಕಾಗದಪತ್ರ ಯಾರೂ ಕೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವನು ಇಎಸ್ಐನಲ್ಲಿ (ಕಾರ್ಮಿಕರ ರಾಜ್ಯ ವಿಮೆ) ಇದ್ದರೆ ಫಾರ್ಮ್ 12ರಲ್ಲಿ ಅಪಘಾತದ ವರದಿ ಹೋಗಿದೆಯಾ ನೋಡಿ. ಕೆಲಸಕ್ಕೆ ಬರಲಾಗದ ದಿನಗಳಿಗೆ ಕೂಲಿಯ ಶೇ. 90ರಷ್ಟು ಸಿಗುತ್ತದೆ. ಆಮೇಲೆ ಮೆಡಿಕಲ್ ಬೋರ್ಡ್ ಮುಂದೆ ಹೋಗಬೇಕು. ಪೂರ್ತಿ ತೋರುಬೆರಳು ಹೋದರೆ ದುಡಿಮೆಯ ಶಕ್ತಿ ಶೇ. 14 ಹೋಯಿತು ಅಂತ ಕಾಯ್ದೆಯ ಪಟ್ಟಿಯಲ್ಲೇ ಇದೆ. 'ನನ್ನದೇ ತಪ್ಪು' ಅಂತ ಅವನಿಂದ ಬರೆಸಿಕೊಳ್ಳಲು ಯಾರಾದರೂ ಹೊರಟರೆ ದಯವಿಟ್ಟು ತಡೆಯಿರಿ. ಮೆಷಿನ್‌ನ ಅಪಾಯದ ಭಾಗಕ್ಕೆ ಗಾರ್ಡ್ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ನೇ ಹೇಳಿತ್ತು.

ಪೀಣ್ಯ ಸೂಪರ್‌ವೈಸರ್:
ಎಲ್ಲರಿಗೂ ಧನ್ಯವಾದ. ನಿನ್ನೆ ಕ್ಲಚ್ ಬಿಚ್ಚಿಸಿದೆ. ಪಿನ್‌ನ ಅಂಚು ಉರುಟಾಗಿದೆ, ಸ್ಪ್ರಿಂಗ್ ಎರಡು ತುಂಡು. ಮಾಲೀಕರನ್ನು ಕರೆದು ತೋರಿಸಿದೆ, ಕರ್ಟನ್ ಮಾತು ಬಿಟ್ಟರು. ಉಳಿದ ಪ್ರೆಸ್‌ಗಳನ್ನೂ ಒಂದೊಂದಾಗಿ ಬಿಚ್ಚುತ್ತಿದ್ದೇವೆ. ಫಾರ್ಮ್ 12 ಹೋಗಿರಲಿಲ್ಲ, ಇವತ್ತು ಕಳಿಸಿದೆವು. ಡೈ ಫಿಟ್ಟರ್ ಸರ್, ಸ್ಲೈಡ್‌ನ ಲಾಕ್ ಪೆಡಲ್ ಬಳಿ ಕೊಡಲಾ, ಪೆಡಲ್‌ನಿಂದ ಕ್ಲಚ್‌ಗೆ ಹೋಗುವ ಮೇಲಿನ ರಾಡ್ ಬಳಿಯಾ?

ಡೈ ಫಿಟ್ಟರ್, ರಾಜಾಜಿನಗರ:
ಮೇಲೆ, ರಾಡ್ ಬಳಿ. ಕೆಳಗೆ ಕೊಟ್ಟರೆ ಸ್ಕ್ರ್ಯಾಪ್ ಬಿದ್ದು ಕಚ್ಚಿಕೊಳ್ಳುತ್ತೆ, ವಾರದಲ್ಲಿ ಕಿತ್ತು ಬಿಸಾಕುತ್ತಾರೆ. ಟ್ರೇ ಅಳತೆ ಹಾಕಿ, ಸ್ಕೆಚ್ ಮಾಡಿ ಕೊಡುತ್ತೇನೆ.